ದಾಸಮ್ಮನ ಅಳುವ ಪದ

ಟೀಚರ್ ಟ್ರೈನಿಂಗಿನಲ್ಲಿ ನಮಗೆ ಪದ್ಯದ ಜಾತಿಗಳನ್ನು ಬಾಯಿಪಾಠ ಮಾಡಿಸಿದ್ದರು. ಕಂದ, ವೃತ್ತ, ರಗಳೆ, ತ್ರಿಪದಿ, ಸಾಂಗತ್ಯ, ಷಟ್ಪದಿ. ಷಟ್ಪದಿಯೊಳಗೆ ಮತ್ತೆ ಶರ, ಕುಸುಮ, ಭೋಗ, ಭಾಮಿನಿ, ಪರಿವರ್ಧಿನಿ, ವಾರ್ಧಕ. ಲಘು ಗುರು ಹಾಕಿ ಮಾತ್ರೆ ಎಣಿಸುವುದರಲ್ಲಿ ನಾನು ಚುರುಕಾಗಿದ್ದೆ. ಅದೆಲ್ಲ ವ್ಯರ್ಥವೆಂದು ಹೀಗಳೆಯುವವರನ್ನು ಕಂಡರೆ ನನಗೆ ಈಗಲೂ ಸಿಟ್ಟು ಬರುತ್ತದೆ. ಲೆಕ್ಕ ತಪ್ಪಿದ ಸಾಲು ಓದುವುದೆಂದರೆ ಕಲ್ಲಿರುವ ಅನ್ನ ಉಂಡಂತೆ. ಆದರೆ ಯಾವ ಪದವನ್ನು ಯಾರು ಹಾಡಬಹುದು, ಯಾರ ಮುಂದೆ ಹಾಡಬಹುದು, ತಪ್ಪಿ ಬೇರೆ ಕಡೆ ಹಾಡಿದರೆ ಸಂಸಾರಗಳು ಹೇಗೆ ಮುರಿಯುತ್ತವೆ ಎಂಬುದನ್ನು ಛಂದಸ್ಸಿನ ಯಾವ ಮೇಷ್ಟ್ರೂ ನನಗೆ ಹೇಳಿಕೊಡಲಿಲ್ಲ. ಅದನ್ನು ನಾನು ಕಂಡದ್ದು ದಾಸಮ್ಮನ ಬದುಕಿನಲ್ಲಿ.

೧೯೫೧ರಲ್ಲಿ ಕೊಳಾಲದ ಹತ್ತಿರದ ಒಂದು ಹಳ್ಳಿಯ ಸ್ಕೂಲಿಗೆ ನನ್ನನ್ನು ಹಾಕಿದರು. ಉಳಿಯಲು ಸಿಕ್ಕಿದ್ದು ದಾಸಮ್ಮನ ಮನೆಯ ಒತ್ತಿನ ಕೋಣೆ. ನಡುವೆ ಒಂದೇ ಮಣ್ಣಿನ ಗೋಡೆ, ಅದೂ ಸೂರಿನವರೆಗೆ ಮುಟ್ಟಿರಲಿಲ್ಲ. ಆಗ ಆಕೆಗೆ ನಲವತ್ತರ ಆಸುಪಾಸು. ಗಂಡ ತೀರಿಕೊಂಡು ವರ್ಷಗಳೇ ಆಗಿದ್ದವು. ಇದ್ದ ಒಬ್ಬಳೇ ಮಗಳು ಲಕ್ಕಮ್ಮ ಮದುವೆಯಾಗಿ ಕೊಡಿಗೇನಹಳ್ಳಿ ಸೇರಿದ್ದಳು. ಎರಡು ಮೇಕೆ, ತುಂಡು ಹೊಲ, ಬೀಸುವ ಕಲ್ಲು, ಬಾಯಿ ತುಂಬ ಪದ, ಇಷ್ಟು ಆಕೆಯ ಆಸ್ತಿ. ದನಿ ಇಂಪಾಗಿತ್ತೆಂದು ಸುಳ್ಳು ಹೇಳಲಾರೆ. ಒಡಕು ದನಿ. ಆದರೆ ಒಮ್ಮೆ ಕೇಳಿದ ಪದ ಕಿವಿ ಬಿಟ್ಟು ಹೋಗುತ್ತಿರಲಿಲ್ಲ.

ಪದಗಳ ವಿಚಾರದಲ್ಲಿ ದಾಸಮ್ಮ ಬಲು ಕಟ್ಟುನಿಟ್ಟು. ಬೆಳಗಿನ ಜಾವ ರಾಗಿ ಬೀಸುವಾಗ ಬೀಸುವ ಪದ. ಸಂಜೆ ಜಗಲಿಯಲ್ಲಿ ಕೂತು ಅದನ್ನೇ ಒಂದು ಹಾಡು ಎಂದರೆ ಒಪ್ಪುತ್ತಿರಲಿಲ್ಲ. "ಕಲ್ಲು ತಿರುಗ್ದೇ ಇದ್ರೆ ಪದ ಎಲ್ಲಿಂದ ಬತ್ತದೆ ಮೇಷ್ಟ್ರಮ್ಮ?" ಎನ್ನುತ್ತಿದ್ದಳು. ಜೋಗುಳ ತೊಟ್ಟಿಲಿಗೆ ಮಾತ್ರ. ಬರಿದಾದ ತೊಟ್ಟಿಲು ತೂಗಿ ಹಾಡಿದರೆ ಕೂಸಿಗೆ ಕೇಡು. ಸೋಬಾನೆ ಹಸೆಮಣೆಗೆ, ಅದೂ ಮುತ್ತೈದೆಯರ ಬಾಯಲ್ಲಿ. ಗಂಡ ಸತ್ತ ದಿನ ದಾಸಮ್ಮನ ಬಳೆಗಳ ಜೊತೆಗೆ ಸೋಬಾನೆಯೂ ಹೋಗಿತ್ತು.

ಆದರೂ ಮದುವೆ ಮನೆಗಳಲ್ಲಿ ಒಂದು ತಮಾಷೆ ನಡೆಯುತ್ತಿತ್ತು. ಹಸೆಯ ಮುಂದೆ ಹಾಡುವವರಿಗೆ ನಡುವೆ ಸಾಲು ಮರೆತರೆ ಒಬ್ಬಳು ಮೆಲ್ಲಗೆ ಎದ್ದು ಹಿತ್ತಲ ಒಲೆಯ ಹತ್ತಿರ ಬರುತ್ತಿದ್ದಳು. ದಾಸಮ್ಮ ಸೌದೆ ನೂಕುತ್ತಾ, ತಲೆ ಎತ್ತದೆ, ಮಾತಾಡಿದಂತೆ ಆ ಸಾಲು ಹೇಳಿಬಿಡುತ್ತಿದ್ದಳು. ಬಂದವಳು ಓಡಿಹೋಗಿ ಹಾಡುತ್ತಿದ್ದಳು. ಇದನ್ನು ಮೊದಲ ಸಲ ನೋಡಿದ ದಿನ ನಾನು ಎಲೆ ಬಿಟ್ಟು ಎದ್ದು ಬಂದೆ. ದಾಸಮ್ಮ ನನಗೇ ಬೈದಳು.

"ಅದುಕ್ಕೆ ಅನ್ನದ ಮೇಲೆ ಯಾಕೆ ಮುನಿಸ್ಕತೀರಿ? ನಂಗೇನೂ ಬೇಜಾರಿಲ್ಲ ಕಣಮ್ಮ."

ಬೇಜಾರು ಇತ್ತು. ಅವತ್ತು ಮನೆಗೆ ಬಂದವಳು ಮೇಕೆಗೆ ಸೊಪ್ಪು ಹಾಕುವುದನ್ನೂ ಮರೆತು ಗೋಡೆ ನೋಡುತ್ತಾ ಕೂತಿದ್ದಳು.

ಆಕೆಗೆ ಉಳಿದಿದ್ದದ್ದು ಅಳುವ ಪದ. ಸಾವಾದ ಮನೆಯಲ್ಲಿ ಹೆಣದ ತಲೆದೆಸೆಯಲ್ಲಿ ಕೂತು, ಕೂದಲು ಬಿಚ್ಚಿ, ಎದೆ ಬಡಿದುಕೊಂಡು ಹಾಡಿ ಅಳುವುದು. ಅದಕ್ಕಾಗಿ ಸುತ್ತಿನ ಊರುಗಳಿಂದ, ಅತ್ತ ಚನ್ನರಾಯನದುರ್ಗದ ತನಕ, ದಾಸಮ್ಮನನ್ನು ಬಂದು ಕರೆಯುತ್ತಿದ್ದರು. ಆ ಪದಕ್ಕೆ ಅದರದೇ ಕಟ್ಟಲೆ. ಅದರಲ್ಲಿ ಯಾರ ಹೆಸರೂ ಬರಕೂಡದು, ಊರಿನ ಹೆಸರೂ ಬರಕೂಡದು. ನನ್ನವ್ವ, ನನ್ನಪ್ಪ, ಹುಟ್ಟಿದ ಮನೆ, ಕೊಟ್ಟ ಮನೆ, ಅಷ್ಟೆ. ಮತ್ತೆ, ಹೆಣದ ಮುಂದೆ ಪದದಲ್ಲಿ ಏನು ಬೇಕಾದರೂ ಹೇಳಬಹುದು. ಮಣ್ಣು ಮಾಡಿ ಬಂದು ತಲೆಗೆ ನೀರು ಹಾಕಿಕೊಂಡ ಮೇಲೆ ಆ ಮಾತನ್ನು ಯಾರೂ ಎತ್ತುವಂತಿಲ್ಲ. ಸೊಸೆಯೊಬ್ಬಳು ಸತ್ತ ಅತ್ತೆಯ ಮುಂದೆ ಕೂತು, ತನ್ನ ಮೈಮೇಲಿನ ಬರೆಗಳನ್ನೆಲ್ಲ ಹಾಡಿದ್ದನ್ನು ನಾನೇ ಕೇಳಿದ್ದೇನೆ. ಗಂಡ, ಮೈದುನರು ತಲೆ ತಗ್ಗಿಸಿ ಕೇಳಿದರು. ಮಾರನೆಯ ದಿನ ಎಲ್ಲರೂ ಒಟ್ಟಿಗೆ ಕೂತು ಉಂಡರು. ಹೆಂಗಸರಿಗೆ ಬಾಯಿಬಿಡಲು ಇದ್ದ ಜಾಗ ಅದೊಂದೇ. ಅದಕ್ಕೂ ಯಾರಾದರೂ ಸಾಯಬೇಕಿತ್ತು.

ಲಕ್ಕಮ್ಮನನ್ನು ಕೊಡಿಗೇನಹಳ್ಳಿಗೆ ಕೊಟ್ಟದ್ದು ನೀರಿಗಾಗಿ. ಜಯಮಂಗಲಿ ಹೊಳೆಯ ಮರಳಲ್ಲಿ ಒಂದಿಷ್ಟು ತೋಡಿದರೆ ತಲಪರಿಗೆಯಲ್ಲಿ ತಿಳಿನೀರು ಒಸರುವ ಸೀಮೆ ಅದು. ಜೀವಮಾನವೆಲ್ಲ ದೂರದ ಬಾವಿಯಿಂದ ನೀರು ಹೊತ್ತ ದಾಸಮ್ಮನಿಗೆ ಅಳಿಯನ ಕಡೆಯ ಬೇರೆ ಯಾವುದನ್ನೂ ವಿಚಾರಿಸಬೇಕೆನಿಸಲಿಲ್ಲ. ಅಳಿಯ ಅಡವಯ್ಯ ದುಡಿಮೆಗಾರ. ಅವನ ತಾಯಿ ಮುನಿಯಮ್ಮ ಗಟ್ಟಿಗಿತ್ತಿ, ಮನೆಯ ಯಜಮಾನಿಕೆಯೆಲ್ಲ ಅವಳದೇ. ಲಕ್ಕಮ್ಮನ ಮೊದಲ ಕೂಸು ತವರಿನಲ್ಲಿ ಹುಟ್ಟಿ ಉಳಿಯಲಿಲ್ಲ. ಹಾಗಾಗಿ ೧೯೫೨ರಲ್ಲಿ ಎರಡನೆಯ ಹೆರಿಗೆಯನ್ನು ಮುನಿಯಮ್ಮ ತನ್ನ ಮನೆಯಲ್ಲೇ ಇಟ್ಟುಕೊಂಡಳು. ಹೆಣ್ಣುಮಗು ಹುಟ್ಟಿತು. ಸ್ವಲ್ಪ ದಿನಕ್ಕೇ ಬಾಣಂತಿಗೆ ಜ್ವರ ಏರಿತು.

ಬಾಣಂತಿಗೆ ನೀರು ಕೊಡಬಾರದೆಂಬುದು ಆ ಕಾಲದ ನಂಬಿಕೆ. ನೀರು ಕುಡಿದರೆ ಮೈ ಬಾತು ನಂಜೇರುತ್ತದೆ, ಎದೆಹಾಲು ಕುಡಿದ ಕೂಸಿಗೆ ಶೀತವಾಗುತ್ತದೆ. ದಿನಕ್ಕೆ ಒಂದು ಸಣ್ಣ ಲೋಟ ಬಿಸಿನೀರು. ಮಿಕ್ಕಂತೆ ಮೆಣಸು, ಬೆಳ್ಳುಳ್ಳಿ, ವೀಳ್ಯದೆಲೆ. ಮುನಿಯಮ್ಮನಿಗೂ ಅವಳ ಅತ್ತೆ ಹಾಗೆಯೇ ಮಾಡಿದ್ದಳು, ಮುನಿಯಮ್ಮ ಬದುಕಿ ಉಳಿದಿದ್ದಳು. ಅವಳನ್ನು ರಾಕ್ಷಸಿ ಮಾಡಲು ನನಗೆ ಮನಸ್ಸಿಲ್ಲ. ಸೊಸೆಗೆ ಜ್ವರ ಬಂದಾಗ ಉಳಿಸಬೇಕೆಂದೇ ಇನ್ನೂ ಬಿಗಿ ಮಾಡಿದಳು. ಆ ಒಂದು ಲೋಟವನ್ನೂ ನಿಲ್ಲಿಸಿ, ಗಾಳಿ ತಾಗದಂತೆ ಕೋಣೆಯ ಬಾಗಿಲು ಹಾಕಿದಳು. ಒಳಗೆ ಲಕ್ಕಮ್ಮ ನೀರು ನೀರು ಎಂದು ಕೂಗಿ ಕೂಗಿ, ಕೊನೆಗೆ ದನಿಯೇ ಹೊರಡದೆ ಸತ್ತಳು.

ಸುದ್ದಿ ತಿಳಿದು, ಮಧುಗಿರಿಗೆ ಬಂದು ಬಸ್ಸು ಹಿಡಿದು ನಾವು ಹೋಗುವ ಹೊತ್ತಿಗೆ ಮೈ ತೊಳೆದು ಮಲಗಿಸಿದ್ದರು. ತೊಳೆದ ಹೆಂಗಸು ದಾಸಮ್ಮನ ಕಿವಿಯಲ್ಲಿ ಎಲ್ಲವನ್ನೂ ಹೇಳಿದಳು. ನಮ್ಮ ಕಡೆ, ಅಳು ಎದ್ದ ಮನೆಗೆ ಹೆಂಗಸರು ಚೊಂಬಿನಲ್ಲಿ ನೀರು ಹಿಡಿದು ಬರುತ್ತಾರೆ, ಸತ್ತವರ ಬಾಯಿಗೆ ಒಂದೊಂದು ಗುಟುಕು ಬಿಡುತ್ತಾರೆ. ಅವರಿಗೆ ಬಾಗಿಲು ಹಾಕುವಂತಿಲ್ಲ, ಬೇಡವೆನ್ನುವಂತಿಲ್ಲ. ಅವತ್ತೂ ಬೀದಿಯ ಹೆಂಗಸರೆಲ್ಲ ಚೊಂಬು ಹಿಡಿದು ಸಾಲಾಗಿ ಬಂದರು. ದಾಸಮ್ಮ ಆ ಚೊಂಬುಗಳನ್ನು ನೋಡಿದಳು. ಆಮೇಲೆ ಪದ ಎತ್ತಿದಳು.

ನೀರಿನ ಸೀಮೆ ಅಂತ ಕೊಟ್ಟೆ ನನ್ನವ್ವ
ಹೊಳೆಯ ಮಗ್ಗುಲಿಗೆ ಕೊಟ್ಟೆ ನನ್ನವ್ವ
ಎಮ್ಮೆಗೆ ಬಾನಿ ತುಂಬ ಇಟ್ಟವ್ರೆ ನನ್ನವ್ವ
ನಿನ್ ನಾಲ್ಗೆ ಒಣಗ್ಸಿ ಇಟ್ಟವ್ರೆ ನನ್ನವ್ವ
ಉಸ್ರಿದ್ದಾಗ ಗುಟುಕಿಲ್ಲ ನನ್ನವ್ವ
ಉಸ್ರೋದ್ಮೇಲೆ ಊರೇ ತಂದೈತೆ ನನ್ನವ್ವ

ಚೊಂಬು ಹಿಡಿದವರು ನಿಂತಲ್ಲೇ ನಿಂತರು. ಮುನಿಯಮ್ಮ ಕಂಬಕ್ಕೆ ಒರಗಿ ಕೂತು ಎಲ್ಲವನ್ನೂ ಕೇಳಿದಳು, ಎದ್ದು ಹೋಗಲಿಲ್ಲ. ಮಣ್ಣು ಮಾಡಿ ಬಂದು ಎಲ್ಲರೂ ತಲೆಗೆ ನೀರು ಹಾಕಿಕೊಂಡ ಮೇಲೆ ಕೂಸನ್ನು ತಾನೇ ತಂದು ದಾಸಮ್ಮನ ಮಡಿಲಿಗೆ ಹಾಕಿದಳು.

"ತಗಂಡೋಗಮ್ಮ. ನಿನ್ ಮೇಕೆ ಹಾಲ್ನಲ್ಲಾದ್ರೂ ಬದುಕ್ಲಿ. ದೊಡ್ಡದಾದ್ಮೇಲೆ ನೋಡಾನ."

ಕಟ್ಟಲೆ ಅಂದರೆ ಅದು. ಹೆಣದ ಮುಂದೆ ಅಂದದ್ದಕ್ಕೆ ಯಾರೂ ಯಾರನ್ನೂ ದೂರಲಿಲ್ಲ.

ಕೂಸಿಗೆ ಪುಟ್ಟರಂಗಿ ಎಂದು ಹೆಸರಿಟ್ಟರು. ಆಮೇಲೆ ಎರಡು ವರ್ಷ ನನಗೆ ಗೋಡೆಯಾಚೆಯ ಜೋಗುಳದಿಂದ ಬಿಡುಗಡೆ ಇರಲಿಲ್ಲ. ಮಗು ಮಲಗಿದ ಮೇಲೂ ದಾಸಮ್ಮ ಹಾಡುತ್ತಿದ್ದಳು. "ಮಲಗೈತಲ್ಲ, ಇನ್ನು ಸಾಕು ಮಾಡಿ" ಎಂದು ನಾನು ಗೋಡೆ ತಟ್ಟಿದರೆ, "ಕನಸ್ನಾಗೆ ಎದ್ದಿರ್ತದೆ ಮೇಷ್ಟ್ರಮ್ಮ" ಎಂದು ನಗುತ್ತಿದ್ದಳು. ಆಕೆ ನಕ್ಕದ್ದನ್ನು ನಾನು ಕೇಳಿದ್ದು ಆ ಎರಡು ವರ್ಷದಲ್ಲಿ ಮಾತ್ರ.

ಲಕ್ಕಮ್ಮ ಸತ್ತ ದಿನ ಆ ಬೀದಿಯಲ್ಲಿ ಇನ್ನೊಬ್ಬರು ಇದ್ದರು. ಸಿರಾದ ಮಕ್ಬೂಲ್ ಸಾಬರು. ಊರೂರು ತಿರುಗಿ ಹಿತ್ತಾಳೆ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದರು. ಸಂತೆಗಳಲ್ಲಿ ಡಪ್ಪು ಹಿಡಿದು ನಿಂತರೆ ಒಳ್ಳೆಯ ಲಾವಣಿಕಾರರು. ಅವತ್ತು ಹುಣಸೆ ಮರದ ಕೆಳಗೆ ಬೆಂಕಿ ಹಚ್ಚಿ ಕೂತಿದ್ದವರು ಅಳು ಕೇಳಿ ಬೆಂಕಿ ಆರಿಸಿ ಕೈಕಟ್ಟಿ ನಿಂತರಂತೆ. ಮನೆಯಲ್ಲಿ ಅವರ ಮಗಳು ಸಾಬೀರಾ ತುಂಬು ಬಸುರಿ. ದಾಸಮ್ಮನ ಪದ ಅವರ ಎದೆಯಲ್ಲಿ ಕೂತುಬಿಟ್ಟಿತು. ಇದನ್ನು ನಾಲ್ಕು ಜನರ ಮುಂದೆ ಹಾಡಿದರೆ, ಕೇಳಿದ ಅತ್ತೆಯರು ಬಾಣಂತಿಯರಿಗೆ ಒಂದು ಗುಟುಕು ನೀರು ಕೊಟ್ಟಾರು ಎಂದು ಯೋಚಿಸಿ ಲಾವಣಿ ಕಟ್ಟಿದರು. ಅದರಲ್ಲಿ ಕೆಟ್ಟ ಉದ್ದೇಶ ಎಳ್ಳಷ್ಟೂ ಇರಲಿಲ್ಲ.

ಆದರೆ ಲಾವಣಿಯ ಜಾತಿಯೇ ಬೇರೆ. ನಡೆದ ಕತೆಯ ಲಾವಣಿ ಎಂದ ಮೇಲೆ ಅದಕ್ಕೆ ಊರು ಬೇಕು, ಹೆಸರು ಬೇಕು, ಕೊನೆಯಲ್ಲಿ ಕಟ್ಟಿದವನ ಹೆಸರೂ ಬೇಕು. ಹೆಸರಿಲ್ಲದ ಲಾವಣಿ ಹಾಡಿದರೆ ಸಂತೆಯ ಜನ ನಿಲ್ಲಿಸಿ, ಯಾವೂರು, ಯಾರ ಮನೆ ಎಂದು ಕೇಳುತ್ತಾರೆ. ಮಕ್ಬೂಲ್ ಸಾಬರು ತಮ್ಮ ವಿದ್ಯೆಗೆ ತಕ್ಕಂತೆ ಎಲ್ಲವನ್ನೂ ಹಾಕಿದರು.

ಕೊಡಿಗೇನಳ್ಳಿ ಅಡವಯ್ಯನ ಮನೆ ಬಾಣಂತಿ ಕೋಣೆಯ ಕತ್ತಲಲಿ
ಗುಟುಕು ನೀರಿಗೆ ಬಾಯ್ಬಿಟ್ಟು ಸತ್ತಳು ಲಕ್ಕಮ್ಮ ಹರೆಯದಲಿ
ಎಮ್ಮೆಯ ಬಾನಿಗೆ ಬಿಂದಿಗೆ ಸುರಿದಳು ಮುನಿಯಮ್ಮ ಹಗಲಿನಲಿ
ಹೆಣ್ಣಿನ ನಾಲಿಗೆ ಒಣಗಿಸಿ ಇಟ್ಟಳು ಮುಚ್ಚಿದ ಬಾಗಿಲಲಿ

ಮಧುಗಿರಿ ಸಂತೆಯಲ್ಲಿ ಹಾಡಿದರು, ಕೊರಟಗೆರೆಯಲ್ಲಿ ಹಾಡಿದರು, ಸಿರಾದಲ್ಲಿ ಹಾಡಿದರು. ಜನ ಕಣ್ಣೀರಿಟ್ಟರು. ಆಮೇಲೆ ಬೇರೆಯವರು ಎತ್ತಿಕೊಂಡರು, ಬಸ್ಸಿನಲ್ಲಿ, ಹೋಟೆಲಿನಲ್ಲಿ ಕೇಳಿಸತೊಡಗಿತು. ಕೊಡಿಗೇನಹಳ್ಳಿಯಲ್ಲಿ ಮುನಿಯಮ್ಮ ಬಿಂದಿಗೆ ಹಿಡಿದು ಹೊರಟರೆ ಹಿಂದೆ ಹುಡುಗರು ಮೂರನೆಯ ಸಾಲು ಹಾಡಿಕೊಂಡು ಹೋಗುತ್ತಿದ್ದರು. ಅಡವಯ್ಯನಿಗೆ ಎರಡನೆಯ ಮದುವೆಗೆ ನೋಡಿದ ಹೆಣ್ಣುಗಳೆಲ್ಲ ತಪ್ಪಿಹೋದವು. ಆ ಮನೆಗೆ ಹೆಣ್ಣು ಕೊಡುವವರೇ ಇರಲಿಲ್ಲ. ಒಂದು ಮಧ್ಯಾಹ್ನ ಅಡವಯ್ಯ ನಮ್ಮೂರಿಗೆ ಬಂದ. ದಾಸಮ್ಮನ ಜೊತೆ ಒಂದು ಮಾತೂ ಆಡಲಿಲ್ಲ. ಅಂಗಳದಲ್ಲಿ ಮೇಕೆಮರಿ ಹಿಡಿದು ಆಡುತ್ತಿದ್ದ ಪುಟ್ಟರಂಗಿಯನ್ನು ಎತ್ತಿಕೊಂಡು ಹೊರಟುಹೋದ.

ಆಮೇಲೆ ಕೊಡಿಗೇನಹಳ್ಳಿಯಲ್ಲಿ ಪಂಚಾಯ್ತಿ ಸೇರಿತು. ಪಟೇಲ ಶಂಕರಲಿಂಗಪ್ಪ ಜಗಲಿಯ ಮೇಲೆ, ಗಂಡಸರೆಲ್ಲ ಕೆಳಗೆ. ಹೆಂಗಸರು ಗೋಡೆಯ ಮರೆಯಲ್ಲಿ, ನಾನೂ ಅಲ್ಲೇ. ದಾಸಮ್ಮನನ್ನು ಮುಂದಕ್ಕೆ ಕರೆದು ನಿಲ್ಲಿಸಿದ್ದರು. ಮಕ್ಬೂಲ್ ಸಾಬರು ಯಾರೂ ಎಳೆದು ತರದೆ ತಾವಾಗಿಯೇ ಬಂದಿದ್ದರು.

"ಈ ಕತೆ ನಿಂಗೆ ಯಾರು ಹೇಳಿದ್ದು ಸಾಬಣ್ಣ?" ಎಂದು ಪಟೇಲರು ಕೇಳಿದರು.

"ಯಾರೂ ಹೇಳ್ಲಿಲ್ಲ ಪಟೇಲ್ರೇ. ಆ ಅಮ್ಮ ಅಳ್ತಾ ಹಾಡಿದ್ರು, ನಾನು ಕಿವಿಯಿಂದ ಕೇಳ್ದೆ. ಜೂಟ್ ಮಾತು ಕಟ್ಟೋನಲ್ಲ ನಾನು. ಖುದಾ ಮೇಲೆ ಆಣೆ."

ಪಟೇಲರು ದಾಸಮ್ಮನ ಕಡೆ ತಿರುಗಿದರು. ಅವರಿಗೂ ಕಷ್ಟವಾಗಿತ್ತು. "ಹೆಣದ ಮುಂದೆ ಅಂದಿದ್ದನ್ನ ಕೇಳಬಾರ್ದು, ನಂಗೊತ್ತು ಕಣಮ್ಮ. ಆದ್ರೆ ಅದು ಇವತ್ತು ಸಂತೆನಾಗೈತೆ. ಸಂತೆನಾಗಿರೋದನ್ನ ಕೇಳ್ಲೇಬೇಕು. ನೀರು ಕೊಡ್ದೆ ಸಾಯ್ಸಿದ್ರು ಅನ್ನೋದು ನಿಜವೋ ಸುಳ್ಳೋ?"

ದಾಸಮ್ಮ ಬಾಯಿ ತೆರೆಯುವ ಮೊದಲೇ ಅಡವಯ್ಯ ಎದ್ದು ನಿಂತ. "ನಿಜ ಅಂದ್ರೆ ಆಯಮ್ಮ ನಮ್ಮ ಹೊಸ್ಲು ತುಳಿಯೋದು ಬ್ಯಾಡ, ಮಗೀನ ಮಕ ನೋಡೋದೂ ಬ್ಯಾಡ. ಸುಳ್ಳು ಅಂದ್ರೆ ಯುಗಾದಿಗೂ ಗೌರಿ ಹಬ್ಬಕ್ಕೂ ಬಂದು ನೋಡ್ಕಂಡೋಗ್ಲಿ."

ಪುಟ್ಟರಂಗಿ ಮುನಿಯಮ್ಮನ ಸೊಂಟದಲ್ಲಿದ್ದಳು. ಅಜ್ಜಿಯನ್ನು ಕಂಡು ಎರಡೂ ಕೈ ಚಾಚಿ ಬರುತ್ತೇನೆಂದು ಅಳುತ್ತಿದ್ದಳು. ದಾಸಮ್ಮ ಆ ಕಡೆ ಒಂದು ಸಲ ನೋಡಿದಳು.

"ಸುಳ್ಳು" ಎಂದಳು. "ಸಂಕ್ಟದಾಗೆ ಬಾಯಿಗೆ ಬಂದಂಗೆ ಅಂದ್ಬುಟ್ಟೆ. ನನ್ ಮಗ್ಳು ಜರ ಬಂದು ಸತ್ಲು. ನೀರು ಕೊಡ್ದೆ ಯಾರೂ ಸಾಯ್ಸಿಲ್ಲ."

ಮಕ್ಬೂಲ್ ಸಾಬರು ತಲೆ ಎತ್ತಿ ಆಕೆಯನ್ನೇ ನೋಡಿದರು. ಆಣೆ ಇಟ್ಟವರು ಅವರು. ಈಗ ಊರ ಮುಂದೆ ಸುಳ್ಳುಗಾರರಾದರು. ಎದ್ದು ನಡೆದರು. ಸ್ವಲ್ಪ ದಿನಗಳ ನಂತರ ನಮ್ಮೂರಿಗೆ ಬಂದಾಗ ದಾಸಮ್ಮನ ಬಾಗಿಲಲ್ಲಿ ನಿಂತು, "ಅಮ್ಮಾ, ನನ್ನಿಂದ ಗಲ್ತಿ ಆಯ್ತು. ಇನ್ನು ಬದುಕಿರೋರ ಮೇಲೆ ಲಾವಣಿ ಕಟ್ಟಲ್ಲ" ಎಂದರು.

"ನೀನು ಒಳ್ಳೇದಕ್ಕೇ ಮಾಡ್ದೆ ಕಣಪ್ಪ. ಅತ್ತಿದ್ದನ್ನ ಅತ್ತ ಜಾಗದಾಗೆ ಬುಡಬೇಕಿತ್ತು" ಎಂದು ದಾಸಮ್ಮ ಮಜ್ಜಿಗೆ ಕೊಟ್ಟು ಕಳಿಸಿದಳು. ಅವರು ಮಾತಿಗೆ ತಪ್ಪಲಿಲ್ಲ. ರಾಜರದ್ದು, ಯುದ್ಧದ್ದು ಹಾಡಿಕೊಂಡು ಉಳಿದರು. ಆ ಲಾವಣಿಯೂ ಮುಂದೆ ಬೇರೊಂದು ಕೊಲೆಯ ಲಾವಣಿ ಬಂದ ಮೇಲೆ ಜನರ ಬಾಯಿಂದ ಹೋಯಿತು. ಅಡವಯ್ಯನಿಗೆ ಮದುವೆಯೂ ಆಯಿತು, ಬಂದವಳು ಮಕ್ಕಳಾಗದೆ ತೀರಿಕೊಂಡಳು.

ದಾಸಮ್ಮನಿಗೆ ಯಾರೂ ಶಿಕ್ಷೆ ಕೊಡಲಿಲ್ಲ. ಆದರೆ ಅಂದಿನಿಂದ ಸಾವಿನ ಮನೆಗೆ ಆಕೆಯನ್ನು ಯಾರೂ ಕರೆಯಲಿಲ್ಲ. ಸುಳ್ಳು ಅತ್ತವಳು ಎಂಬ ಹೆಸರು ಬಂತು. ಆ ಹೆಸರಿಟ್ಟವರು ಹೆಂಗಸರೇ, ಹಿತ್ತಲಿಗೆ ಬಂದು ಸೋಬಾನೆಯ ಸಾಲು ಕೇಳುತ್ತಿದ್ದವರೇ. ಮುಂದೆ ಕೊಳಾಲದಲ್ಲಿ ಹಿಟ್ಟಿನ ಮಿಷನ್ ಬಂತು, ಬೀಸುವ ಕಲ್ಲು ಮೂಲೆ ಸೇರಿತು. ಗೋಡೆಯಾಚೆಯಿಂದ ಮೇಕೆಯ ಸದ್ದು ಬಿಟ್ಟರೆ ಬೇರೇನೂ ಕೇಳಿಸುತ್ತಿರಲಿಲ್ಲ. ನನಗೆ ಮಧುಗಿರಿಗೆ ವರ್ಗವಾಯಿತು.

ದಾಸಮ್ಮ ಯುಗಾದಿಗೂ ಗೌರಿ ಹಬ್ಬಕ್ಕೂ ತಪ್ಪದೆ ಕೊಡಿಗೇನಹಳ್ಳಿಗೆ ಹೋಗುತ್ತಿದ್ದಳು. ಹೋಗುವಾಗ, ಬರುವಾಗ ನನ್ನ ಮನೆಯಲ್ಲಿ ಕೂತು ಎಲ್ಲವನ್ನೂ ಹೇಳುತ್ತಿದ್ದಳು. ಮುನಿಯಮ್ಮ ಮೊಮ್ಮಗಳನ್ನು ಅಂಗೈಯಲ್ಲಿಟ್ಟು ಸಾಕಿದಳು. ಪುಟ್ಟರಂಗಿಯ ಜೊತೆಯ ಮಕ್ಕಳು ದಾಸಮ್ಮನಿಗೆ ಸುಳ್ಳುಪದದಜ್ಜಿ ಎಂದು ಹೆಸರಿಟ್ಟಿದ್ದರು. ಪುಟ್ಟರಂಗಿಯೂ ಹಾಗೆಯೇ ಕರೆಯುತ್ತಿದ್ದಳು. ಅದನ್ನು ಹೇಳುವಾಗ ದಾಸಮ್ಮ, "ಏನಾರ ಅಂದು ಕರೀಲಿ, ಕರೀತದಲ್ಲ" ಎನ್ನುತ್ತಿದ್ದಳು.

ಹುಡುಗಿಯನ್ನು ಪಾವಗಡದ ಕಡೆಯ ಒಂದು ಹಳ್ಳಿಗೆ ಕೊಟ್ಟರು. ೧೯೬೮ರ ಬೇಸಿಗೆಯಲ್ಲಿ ಹೆರಿಗೆಗೆ ತಂದೆಯ ಮನೆಗೆ ಬಂದಳು. ಗಂಡುಮಗು ಹುಟ್ಟಿದ ಸುದ್ದಿ ಕೇಳಿ ದಾಸಮ್ಮ ಕೂಸಿಗೆ ಕುಲಾವಿ ಹೊಲಿದುಕೊಂಡು ನನ್ನ ಮನೆಗೆ ಬಂದಳು. ಹಬ್ಬವಲ್ಲದ ದಿನ ಒಬ್ಬಳೇ ಹೋಗಲು ಧೈರ್ಯವಿಲ್ಲದೆ ನನ್ನನ್ನೂ ಹೊರಡಿಸಿದಳು. ಸ್ಕೂಲಿಗೆ ರಜಾ ಇತ್ತು, ಹೊರಟೆ.

ಮನೆ ಹೊಕ್ಕಾಗ ಅಡವಯ್ಯ ಇರಲಿಲ್ಲ, ಹಿಂದೂಪುರಕ್ಕೆ ಹೋಗಿದ್ದ. ಮುನಿಯಮ್ಮ ಕೋಣೆಯ ಬಾಗಿಲಿಗೆ ಬೆನ್ನು ಕೊಟ್ಟು ಕೂತಿದ್ದಳು. ವಯಸ್ಸಾಗಿ ಕಣ್ಣು ಮಂಜಾಗಿತ್ತು. ಮಡಿಲಲ್ಲಿ ಕೂಸು. ಒಳಗಿನಿಂದ ನರಳಾಟ ಕೇಳಿಸುತ್ತಿತ್ತು. ದಾಸಮ್ಮ ಬಾಗಿಲಿಗೆ ಕಿವಿಕೊಟ್ಟಳು.

"ಜರ ಬಂದೈತಾ ಅಕ್ಕಯ್ಯ?"

"ಬಂದೈತೆ. ಬಿಗಿಯಾಗಿ ನೋಡ್ಕಂತಿವ್ನಿ. ಗಾಳಿ ಹೋಗ್ತದೆ, ಬಾಗ್ಲು ಮುಟ್ಬ್ಯಾಡ."

"ನೀರು ಕೇಳ್ತೈತೆ ಅಕ್ಕಯ್ಯ. ನಿನ್ ಕಾಲಿಗೆ ಬೀಳ್ತೀನಿ, ಒಂದ್ ಲೋಟ ಕೊಡು."

ಜ್ವರದಲ್ಲಿ ನೀರು ಕೊಡದಿದ್ದರೆ ಜೀವಕ್ಕೇ ಅಪಾಯ, ಮಧುಗಿರಿ ಆಸ್ಪತ್ರೆಗೆ ಕರೆದುಕೊಂಡು ಹೋಗೋಣ ಎಂದು ನಾನೂ ಹೇಳಿದೆ. ಮುನಿಯಮ್ಮ ನನ್ನ ಕಡೆ ತಿರುಗಲೂ ಇಲ್ಲ. ಅವಳ ಕಣ್ಣಲ್ಲೂ ನೀರಿತ್ತು.

"ನಂಗೂ ಅದು ಮೊಮ್ಮಗ್ಳೇ ಕಣೆ ದಾಸಿ. ಎದೆ ಮೇಲೆ ಹಾಕ್ಕಂಡು ಸಾಕಿವ್ನಿ. ಲಕ್ಕಿ ಸತ್ತಾಗ, ನನ್ ಕೈಲೇ ತಪ್ಪಾಯ್ತೇನೋ ಅಂತ ಎಷ್ಟೋ ದಿನ ನಿದ್ದೆ ಮಾಡ್ಲಿಲ್ಲ ನಾನು. ನೀನೇ ಅಲ್ವಾ ಪಂಚಾಯ್ತಿನಾಗೆ ಸುಳ್ಳು ಅಂದಿದ್ದು? ನೀರು ಕೊಡ್ದೆ ಯಾರೂ ಸಾಯ್ಸಿಲ್ಲ ಅಂತ ನಿನ್ ಬಾಯಾಗೇ ಬಂತು. ಅವತ್ತು ನನ್ ಮನಸು ನಿರಾಳಾಯ್ತು. ಈಗ ಬಂದು ಇಂಗೆ ಅಂದ್ರೆ ನಾನು ಯಾವ್ದುನ್ನ ನಂಬ್ಲಿ?"

ಒಳಗಿನ ನರಳಾಟ ಸಣ್ಣದಾಗುತ್ತಾ ಬಂತು. ದಾಸಮ್ಮ ಎದ್ದು ಬೀದಿ ಬಾಗಿಲಿಗೆ ನಡೆದಳು. ಹೊರಟುಬಿಡುತ್ತಾಳೇನೋ ಎಂದುಕೊಂಡೆ. ಆಕೆ ಹೊಸ್ತಿಲ ಹೊರಗೆ ಬೀದಿಗೆ ಮುಖ ಮಾಡಿ ಕೂತಳು, ತುರುಬಿಗೆ ಕೈಹಾಕಿ ಕೂದಲು ಬಿಚ್ಚಿದಳು. ಏನು ಮಾಡಹೊರಟಿದ್ದಾಳೆಂದು ನನಗೆ ತಿಳಿಯುವಷ್ಟರಲ್ಲಿ ಎದೆ ಬಡಿದುಕೊಂಡು ಪದ ಎತ್ತಿದ್ದಳು.

ಹೂವ ಮುಡ್ಸೋ ವಯಸ್ನಾಗೆ ನನ್ನವ್ವ
ಮಣ್ಣ ಮುಡ್ಸೋಕೆ ಬಂದ್ನಲ್ಲೇ ನನ್ನವ್ವ
ತೊಟ್ಲಾಗೆ ಕೂಸ ಬುಟ್ಟು ನನ್ನವ್ವ
ಯಾವ ತೋಪಿಗೆ ಹೊಂಟ್ಯಲ್ಲೇ ನನ್ನವ್ವ

ಬದುಕಿರುವವರಿಗೆ ಅಳುವ ಪದ ಎತ್ತುವುದೆಂದರೆ ನಮ್ಮಲ್ಲಿ ಅದಕ್ಕಿಂತ ದೊಡ್ಡ ಪಾಪವಿಲ್ಲ. ದಾಸಮ್ಮನ ಬಾಯಿಂದ ಅಳುವ ಪದ ಹೊರಟದ್ದು ಎಷ್ಟೋ ವರ್ಷಗಳ ಮೇಲೆ. ಆ ಒಡಕು ದನಿ ಬೀದಿಯ ಆ ತುದಿಗೂ ಈ ತುದಿಗೂ ಕೇಳಿಸಿತು. ಒಂದೊಂದೇ ಬಾಗಿಲು ತೆರೆಯಿತು. ಅಡವಯ್ಯನ ಮಗಳು ಹೋದಳಂತೆ ಎಂದು ಹೆಂಗಸರು ಚೊಂಬು ಹಿಡಿದು ಬಂದರು.

"ಸತ್ತಿಲ್ಲ ಕಣ್ರಮ್ಮ, ಬದುಕೈತೆ, ಹೋಗ್ರಮ್ಮ" ಎಂದು ಮುನಿಯಮ್ಮ ಕೂಗಿದಳು. ಆದರೆ ಅಳು ಎದ್ದ ಮನೆಯಲ್ಲಿ ಬಂದವರನ್ನು ತಡೆಯುವುದು ಅವಳಿಂದಲೂ ಆಗಲಿಲ್ಲ. ಕೂಸನ್ನು ಅವಚಿಕೊಂಡು ಪಕ್ಕಕ್ಕೆ ಸರಿದಳು. ಮುಂದಿದ್ದ ಹೆಂಗಸು ಕೋಣೆಯ ಬಾಗಿಲು ನೂಕಿದಳು. ನಾನೂ ಅವಳ ಹಿಂದೆ ನುಗ್ಗಿದೆ. ಪುಟ್ಟರಂಗಿಯ ತುಟಿ ಒಡೆದು ಕಪ್ಪಾಗಿತ್ತು, ಕಣ್ಣು ಅರೆ ತೆರೆದಿತ್ತು. ಚೊಂಬು ಹಿಡಿದವಳು, "ಉಸಿರಾಡ್ತೈತೆ" ಎಂದು ನನ್ನ ಮುಖ ನೋಡಿದಳು. ಹೊರಗೆ ದಾಸಮ್ಮ ನಿಲ್ಲಿಸಿರಲಿಲ್ಲ. ಪದ ನಿಂತಿದ್ದರೆ ಇವರೆಲ್ಲ ಹಿಂತಿರುಗುತ್ತಿದ್ದರು. ಪದ ನಡೆಯುತ್ತಿರುವಾಗ ತಂದ ನೀರನ್ನು ಬಾಯಿಗೆ ಬಿಡದೆ ಹೋಗುವಂತಿಲ್ಲ. ನಾನು ಹುಡುಗಿಯ ತಲೆ ಎತ್ತಿ ಹಿಡಿದೆ. ಆ ಹೆಂಗಸು ಒಂದು ಗುಟುಕು ಬಿಟ್ಟಳು. ಪುಟ್ಟರಂಗಿಯ ಗಂಟಲು ಅಲ್ಲಾಡಿತು. ಎರಡನೆಯವಳು ಬಿಟ್ಟಳು, ಮೂರನೆಯವಳು ಬಿಟ್ಟಳು. ಇಡೀ ಬೀದಿ ಸಾಲಾಗಿ ಬಂದು ಹೆಣದ ನೀರನ್ನು ಬದುಕಿದ್ದ ಹುಡುಗಿಗೆ ಕುಡಿಸಿತು.

ಆಮೇಲೆ ಹಿಂದೂಪುರದ ಬಸ್ಸನ್ನು ಅಡ್ಡಹಾಕಿ ಮಧುಗಿರಿ ಆಸ್ಪತ್ರೆಗೆ ತಂದೆವು. ಬಾಟಲಿ ಮೇಲೆ ಬಾಟಲಿ ಏರಿಸಿದರು, ಸೂಜಿ ಚುಚ್ಚಿದರು. ಪುಟ್ಟರಂಗಿ ಉಳಿದಳು. ಆ ವಾರವೆಲ್ಲ ದಾಸಮ್ಮ ಆಸ್ಪತ್ರೆಯ ಹೊರಗಿನ ಬೇವಿನ ಮರದ ಕೆಳಗೆ ಕೂತಿದ್ದಳು. ಒಳಗೆ ಬಿಡಬೇಡಿ ಎಂದು ಅಡವಯ್ಯ ಹೇಳಿದ್ದ.

ಮೈ ಸರಿಹೋದ ಮೇಲೆ ಗಂಡನ ಮನೆಯಿಂದ ಕರೆಯಲು ಯಾರೂ ಬರಲಿಲ್ಲ. ಅಡವಯ್ಯನೇ ಹೋಗಿ ಕೇಳಿದಾಗ ಬೀಗರು ತೆಲುಗಿನಲ್ಲಿ, "ಚಚ್ಚಿನ ಪಿಲ್ಲ ಮಾಕೆಂದುಕು" ಎಂದರಂತೆ. ಸತ್ತ ಹುಡುಗಿ ನಮಗೇಕೆ ಎಂದು. ಬದುಕಿದ್ದಾಗಲೇ ಅಳುವ ಪದ ಹಾಡಿಸಿಕೊಂಡವಳು, ಊರ ಕೈಲಿ ಹೆಣದ ನೀರು ಕುಡಿದವಳು ಹೊಸ್ತಿಲು ದಾಟಿದರೆ ಮನೆಗೆ ಕೇಡು ಎಂದು ಬಾಗಿಲು ಹಾಕಿಕೊಂಡರು. ಹುಡುಗನಿಗೆ ಆ ವರ್ಷವೇ ಬೇರೆ ಮದುವೆ ಮಾಡಿದರು.

ಗೌರಿ ಹಬ್ಬಕ್ಕೆ ದಾಸಮ್ಮ ಕೊಡಿಗೇನಹಳ್ಳಿಗೆ ಹೊರಟಾಗ ನಾನೂ ಹೋದೆ. ಯಾರೂ ಬನ್ನಿ ಎನ್ನಲಿಲ್ಲ, ಹೋಗಿ ಎಂದೂ ಅನ್ನಲಿಲ್ಲ. ಪುಟ್ಟರಂಗಿ ಹಿತ್ತಲಲ್ಲಿ ಮಗುವಿಗೆ ಹಾಲು ಕುಡಿಸುತ್ತಿದ್ದಳು. ಸೊರಗಿದ್ದಳು. ದಾಸಮ್ಮ ಸ್ವಲ್ಪ ದೂರದಲ್ಲಿ ನೆಲದ ಮೇಲೆ ಕೂತಳು.

"ನಮ್ಮವ್ವಂಗೂ ಇಂಗೇ ಆಗಿತ್ತಾ ಅಜ್ಜಿ?" ಎಂದು ಹುಡುಗಿ ಕೇಳಿದಳು.

"ಹೂಂ ಕಣವ್ವ."

"ಮತ್ಯಾಕೆ ಪಂಚಾಯ್ತಿನಾಗೆ ಸುಳ್ಳು ಅಂದೆ?"

"ನಿನ್ನ ನೋಡ್ಬೇಕಿತ್ತು."

ಪುಟ್ಟರಂಗಿ ಮಗುವನ್ನು ಈ ಮಗ್ಗುಲಿಂದ ಆ ಮಗ್ಗುಲಿಗೆ ಬದಲಿಸಿಕೊಂಡಳು. ಅವಳ ದನಿಯಲ್ಲಿ ಸಿಟ್ಟು ಇರಲಿಲ್ಲ. ಸಿಟ್ಟು ಇದ್ದಿದ್ದರೆ ಕೇಳಿಸಿಕೊಳ್ಳುವುದು ಸುಲಭವಾಗುತ್ತಿತ್ತು.

"ನಿಜ ಅಂದಿದ್ರೆ ನೀನು ನನ್ನ ನೋಡ್ತಿರ್ಲಿಲ್ಲ ಅಷ್ಟೆ. ಮುನಿಯಜ್ಜಿ ನಂಗೆ ನೀರು ಕೊಡ್ತಿತ್ತು. ನಾನು ನನ್ ಗಂಡನ್ ಮನೇಲಿರ್ತಿದ್ದೆ."

ದಾಸಮ್ಮ ಅದಕ್ಕೂ ಹೂಂ ಕಣವ್ವ ಎಂದಳು. ಸ್ವಲ್ಪ ಹೊತ್ತು ಮಗುವಿನ ಕಾಲನ್ನೇ ನೋಡುತ್ತಿದ್ದು, ಮುಟ್ಟದೆ, ಸೆರಗು ಹೊದ್ದು ಎದ್ದಳು. ಬಸ್ಸಿನಲ್ಲಿ ಕೂತ ಮೇಲೆ, "ರಂಗಿ ಸರ್ಯಾಗೇ ಅಂದ್ಲು ಮೇಷ್ಟ್ರಮ್ಮ" ಎಂದಳು. ಮುಂದಿನ ಯುಗಾದಿಗೆ ಆಕೆ ಕೊಡಿಗೇನಹಳ್ಳಿಗೆ ಹೋಗಲಿಲ್ಲ, ಆಮೇಲೂ ಹೋಗಲಿಲ್ಲ.